ಮೊಗಲಾಯಿ ಅಕ್ಕೋರು

ಕಳೆದ ಬೇಸಿಗೆಯಲ್ಲಿ ತಾಳಿಕೋಟೆಯ ಒಂದು ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದು ಬಹಳ ಹೊತ್ತಾದರೂ ನಮ್ಮ ಪಂಕ್ತಿಗೆ ಬಡಿಸುವವರು ಬರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ತಮ್ಮನ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ, "ಏನ್ ಮೊಗಲಾಯಿ ಕಾರಭಾರ ಹಚ್ಚ್ಯಾರಪಾ ಇವ್ರು" ಎಂದಳು.

"ಮೊಗಲಾಯಿ ಅಂದ್ರ ಏನವಾ?" ಎಂದು ಕೇಳಿದೆ.

"ಅಂದ್ರ... ಹೇಳೋರು ಕೇಳೋರು ಇಲ್ದಂಗ. ಮನ್ಯಾಗ ಎಲ್ಲಾರೂ ಅಂತಾರಲ್ಲ ಅಜ್ಜಿ."

ಅಷ್ಟರಲ್ಲಿ ಅನ್ನದ ಬುಟ್ಟಿ ಬಂತು, ಮಾತು ಅಲ್ಲಿಗೇ ನಿಂತಿತು. ಆ ಶಬ್ದ ಒಂದು ಕಾಲಕ್ಕೆ ಒಂದು ನಾಡಿನ ಹೆಸರಾಗಿತ್ತು, ಆ ನಾಡಿನ ಒಬ್ಬ ಹೆಣ್ಣುಮಗಳು ನನ್ನ ಮಗ್ಗುಲ ಕೋಣೆಯಲ್ಲಿ ಆರು ತಿಂಗಳು ಇದ್ದಳು ಎಂದು ನಾನು ಹುಡುಗಿಗೆ ಹೇಳಲಿಲ್ಲ. ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ನಮ್ಮ ಹಿರಿಯರು ನೆಲವನ್ನು ಎರಡು ಮಾಡಿ ಹೇಳುತ್ತಿದ್ದರು. ಸಿಂದಗಿ, ತಾಳಿಕೋಟೆಗಳನ್ನು ದಾಟಿ ಮೂಡಲಿಗೆ ಹೋದರೆ ನಿಜಾಮನ ಹದ್ದು. ಹಿಂದೆ ಮೊಗಲರ ಸುಭೇದಾರಿಕೆಯಾಗಿದ್ದ ಸೀಮೆಯೆಂದು ಅದಕ್ಕೆ ಮೊಗಲಾಯಿ ಎಂಬ ಹೆಸರು. ಈಚೆಗಿನದು ಇಂಗ್ರೇಜಿ. ನನ್ನ ಅಜ್ಜಿಯ ಬಾಯಲ್ಲಿ ಅದು ಬರೀ ದಿಕ್ಕು ಹೇಳುವ ಮಾತು. "ಮೊಗಲಾಯಿಗೆ ಎತ್ತು ತರಾಕ ಹೋಗ್ಯಾನ" ಎಂದರೆ ಅದರಲ್ಲಿ ಹೀಯಾಳಿಕೆ ಇರುತ್ತಿರಲಿಲ್ಲ. ಆದರೆ ಎರಡು ಹದ್ದುಗಳ ನಡುವೆ ಸುಂಕದ ನಾಕಾ ಇತ್ತು, ಆಚೆ ನಡೆಯುವ ರೊಕ್ಕ ಬೇರೆ, ಕಚೇರಿಯ ಭಾಷೆ ಬೇರೆ. ಎತ್ತು ತರಲು ಹೋದವರು ನಾಕೆಯಲ್ಲಿ ದಿನಗಟ್ಟಲೆ ಕಾದು ಬೈದುಕೊಂಡು ಬರುತ್ತಿದ್ದರು. ಬೈಗುಳ ಮೊದಲು ಕಚೇರಿಗೆ ಅಂಟಿತು, ಆಮೇಲೆ ಜನಕ್ಕೆ. ನಾನು ದೊಡ್ಡವಳಾಗುವ ಹೊತ್ತಿಗೆ ಹೊಲಸು ಅಂಗಳ, ತಪ್ಪಿದ ಲೆಕ್ಕ, ಹೇಳಿದ್ದು ಕೇಳದ ಕೂಸು ಎಲ್ಲವೂ ಮೊಗಲಾಯಿಯೇ ಆಗಿದ್ದವು.

ನನ್ನ ತಂದೆ ಬಸವನ ಬಾಗೇವಾಡಿಯಲ್ಲಿ ದರ್ಜಿ. ನಮ್ಮ ಮನೆಯಲ್ಲಿ ಅಷ್ಟಿಷ್ಟು ಮುಸಲ್ಮಾನಿ ಮಾತು, ಉಳಿದದ್ದೆಲ್ಲ ಕನ್ನಡ. ನಿಜಾಮನ ರಾಜ್ಯ ಬೀಳುವ ಹೊತ್ತಿನಲ್ಲಿ ಆ ಕಡೆಯ ಎಷ್ಟೋ ಕುಟುಂಬಗಳು ರಜಾಕಾರರಿಗೆ ಹೆದರಿ ಗಂಟು ಕಟ್ಟಿಕೊಂಡು ನಮ್ಮ ಊರುಗಳಿಗೆ ಬಂದವು. ನನಗೆ ಆಗ ಹನ್ನೊಂದು ವರ್ಷ. ಒಂದು ಸಂಜೆ ಅಬ್ಬಾ ಅಂಗಡಿ ಮುಚ್ಚಿ ನನ್ನ ಕೈ ಹಿಡಿದುಕೊಂಡು ಬರುವಾಗ ಹಿಂದಿನಿಂದ ಯಾರೋ "ಏ ರಜಾಕಾರ" ಎಂದು ಕೂಗಿದರು. ಅಬ್ಬಾ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಅಬ್ಬಾ ಹೊಲಿದ ಅಂಗಿಯನ್ನೇ ತೊಟ್ಟ ಒಬ್ಬ ಹುಡುಗ ನಗುತ್ತ ನಿಂತಿದ್ದ.

ಮನೆಗೆ ಬಂದ ಮೇಲೆ ಅಬ್ಬಾ ಹೇಳಿದರು: "ನಾವು ಇಂಗ್ರೇಜಿ ಹದ್ದಿನವ್ರು. ಮೊಗಲಾಯಿಗೂ ನಮಗೂ ಸಂಬಂಧ ಇಲ್ಲ. ಯಾರರೆ ಕೇಳಿದ್ರ ಹಂಗ ಹೇಳು."

ನಾನು ಅದನ್ನು ಪಾಠದಂತೆ ಕಲಿತೆ.

ರಾಜ್ಯ ಒಂದಾದ ಮರುವರ್ಷ ನಾನು ಮುದ್ದೇಬಿಹಾಳ ತಾಲೂಕಿನ ಒಂದು ದೊಡ್ಡ ಹಳ್ಳಿಯ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಊರಿನ ಹೆಸರು ಬೇಡ. ಅಲ್ಲಿಯವರು ನನಗೆ ಒಳ್ಳೆಯದನ್ನೇ ಮಾಡಿದ್ದಾರೆ. ಇಪ್ಪತ್ತೊಂದು ವಯಸ್ಸು, ಕೈಯಲ್ಲಿ ಟ್ರೇನಿಂಗಿನ ಸರ್ಟಿಫಿಕೇಟು. ನನ್ನನ್ನು ಊರು "ಹಮೀದಾ ಅಕ್ಕೋರು" ಎಂದು ಕರೆಯುತ್ತಿತ್ತು, ಗೌಡರು ತಮ್ಮ ಹಳೆಯ ವಾಡೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ದಸರೆ ಮುಗಿದು, ಕರಿಮಣ್ಣು ಇನ್ನೂ ಕಾಲಿಗೆ ಮೆತ್ತುತ್ತಿದ್ದ ದಿನಗಳಲ್ಲಿ, ಮಗ್ಗುಲ ಕೋಣೆಗೆ ಇನ್ನೊಬ್ಬ ಅಕ್ಕೋರು ಬಂದರು. ಬಸ್ಸು ಕೆಸರಿನಲ್ಲಿ ಸಿಕ್ಕಿ ಎರಡು ಮೈಲು ನಡೆದುಕೊಂಡು ಬಂದಿದ್ದರು. ಎರಡೂ ಕಾಲಿಗೆ ಸೇರು ಸೇರು ಮಣ್ಣು. ತಲೆಯ ಮೇಲಿನ ಟ್ರಂಕು ಇಳಿಸಿ, "ನೀರು ಕೊಡ್ರಿ ಅಕ್ಕೋರ, ಕುಡಿಯಾಕ ಒಂದ್ ತಂಬಗಿ, ಕಾಲಿಗೆ ಒಂದ್ ಬಾವಿ" ಎಂದರು. ನಾನು ನಕ್ಕೆ. ಹುಣಸಗಿ ಕಡೆಯ ನೀಲಮ್ಮ. ಲಿಂಗವಂತರ ಮನೆಯವಳು, ನನಗಿಂತ ಮೂರು ವರ್ಷ ಹಿರಿಯಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆಚೆಯ ಶಾಲೆಗಳಲ್ಲಿ ಓದಿದವಳಾದ್ದರಿಂದ ನೀಲಮ್ಮನ ವಿದ್ಯೆಯೆಲ್ಲ ಉರ್ದುವಿನಲ್ಲಿ. ಕನ್ನಡವನ್ನು ಮನೆಯಲ್ಲಿ ಅಣ್ಣನಿಂದ ಕಲಿತಿದ್ದಳು. ಗಣಿತ ಬಹಳ ಚೆನ್ನಾಗಿ ಹೇಳುತ್ತಿದ್ದಳು, ಆದರೆ ಹಲಗೆಯ ಮೇಲೆ ಕನ್ನಡ ಬರೆಯುವಾಗ ಕೈ ತಡೆಯುತ್ತಿತ್ತು. ಒತ್ತಕ್ಷರ ಬಂದರೆ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದಳು. ನನ್ನ ಟ್ರಂಕಿನ ತಳದಲ್ಲಿ ಅಜ್ಜನ ಕಾಲದ ಒಂದು ಉರ್ದು ಕಾಗದವಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಆ ಅಕ್ಷರ ಬಾರದು. ಪವಿತ್ರವಾದದ್ದು ಇರಬೇಕೆಂದು ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಒಂದು ರವಿವಾರ ಅದನ್ನು ನೀಲಮ್ಮನಿಗೆ ತೋರಿಸಿದೆ. ಓದಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎತ್ತಿನ ಹೊಟ್ಟಿ ಉಬ್ಬರಕ್ಕ ಔಷಧಾರಿ ಇದು. ಅಜಿವಾನ, ಇಂಗು, ಹಳೀ ಬೆಲ್ಲ."

ನಾನೂ ನಕ್ಕೆ. ಆದರೆ ಅವಳು ನಗುತ್ತಲೇ, "ನೋಡ್ರಿ, ನಿಮ್ಮ ಅಕ್ಷರ ನನಗ ಬರತಾವ, ನನ್ನ ಅಕ್ಷರ ನಿಮಗ ಬರತಾವ" ಎಂದಾಗ ನನ್ನ ನಗೆ ನಿಂತಿತು. ಕನ್ನಡ ಇವಳದು, ನನ್ನದಲ್ಲ ಎಂದ ಹಾಗೆ ಕೇಳಿಸಿತು. ಅವಳಿಗೆ ಆ ಅರ್ಥ ಇರಲಿಲ್ಲ. ಅದು ಆಗಲೂ ನನಗೆ ಗೊತ್ತಿತ್ತು.

ದೀಪಾವಳಿಯ ನಂತರ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಮೈಸೂರು ಕಡೆಯವರು, ಹೊಸದಾಗಿ ಬಂದವರು. ನಾನು ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದರು. "ಎಲ್ಲಿ ಐತಿ ಹೇಳ್ರಿ, ಯಾಕ ಸುಮ್ಮ ಕುಂತೀರಿ" ಎಂದು ನಾನು ಮಕ್ಕಳಿಗೆ ಹೇಳಿದ್ದೇ ತಡ, ಅವರು ಒಳಗೆ ಬಂದರು.

"ಏನಮ್ಮಾ, ಇದು ಕನ್ನಡವೋ ಮರಾಠಿಯೋ? ಹೀಗೆ ಜಗಳ ಆಡಿದಂತೆ ಮಾತಾಡಿದರೆ ಮಕ್ಕಳು ಏನು ಕಲೀತಾರೆ?"

ನಲವತ್ತು ಮಕ್ಕಳ ಎದುರು. ಹೆಡ್ ಮಾಸ್ತರರು ಅವರ ಹಿಂದೆ ನಿಂತು ನೆಲ ನೋಡಿದರು. ಸಾಹೇಬರು ಮುಂದಿನ ವರ್ಗದಲ್ಲಿ ನೀಲಮ್ಮನ ಗಣಿತ ಕೇಳಿ, "ಪರವಾಗಿಲ್ಲ, ಲೆಕ್ಕ ಚೆನ್ನಾಗಿದೆ" ಎಂದು ಬರೆದು ಹೋದರು.

ಸಂಜೆ ಮಾಸ್ತರರೆಲ್ಲ ಶಾಲೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ನೀಲಮ್ಮ ಹಾಜರಿ ಪುಸ್ತಕ ತಂದಳು. ಅದರಲ್ಲಿ 'ವಿದ್ಯಾರ್ಥಿ' ಎಂಬುದನ್ನು ಒತ್ತಿಲ್ಲದೆ ಬರೆದಿದ್ದಳು. ಹೆಡ್ ಮಾಸ್ತರರು ನನಗೆ ತೋರಿಸಿದರು. ಎಲ್ಲರ ಎದುರು ನಾನು ಅಂದೆ:

"ಇರ್ಲಿ ಬಿಡ್ರಿ ಸರ್. ಮೊಗಲಾಯಿ ಅಕ್ಕೋರು. ಅಲ್ಲಿ ಅಕ್ಷರಕ್ಕೂ ನಾಕಾ ಇರಬೇಕು, ಒತ್ತು ಎಲ್ಲಾ ಅಲ್ಲೇ ಹಿಡಕೊಂಡಾರ."

ಮಾಸ್ತರರು ಚಹಾ ಚೆಲ್ಲುವಷ್ಟು ನಕ್ಕರು. ಬೆಳಗ್ಗೆ ನೆಲ ನೋಡಿದ ಹೆಡ್ ಮಾಸ್ತರರೂ ಈಗ ನನ್ನ ಜೊತೆ ನಗುತ್ತಿದ್ದರು. ಆ ಸುಖವನ್ನು ನಾನು ಮರೆತಿಲ್ಲ. ಮರೆತಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಸಾಹೇಬರ ಕೈಯಿಂದ ಬಿದ್ದ ಏಟನ್ನು ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವಳ ಮೇಲೆ ಹಾಕಿದ್ದೆ. ಇನ್ನೂ ಒಂದಿತ್ತು. ಮೊಗಲಾಯಿ ಎಂಬ ಮಾತು ಎಂದಾದರೊಂದು ದಿನ ನನ್ನ ಕಡೆ ಬಂದೀತು ಎಂಬ ಹೆದರಿಕೆ ಹನ್ನೊಂದನೆಯ ವಯಸ್ಸಿನಿಂದ ನನ್ನೊಳಗಿತ್ತು. ಅದನ್ನು ಒಬ್ಬ ಲಿಂಗವಂತರ ಹೆಣ್ಣುಮಗಳಿಗೆ ಕಟ್ಟಿಬಿಟ್ಟರೆ ನಾನು ಪಾರಾದಂತೆ ಅನ್ನಿಸಿತು.

ವಾರದೊಳಗೆ ಮಕ್ಕಳು ಆ ಹೆಸರು ಹಿಡಿದರು, ತಿಂಗಳೊಳಗೆ ಊರು. ನೀಲಮ್ಮ ಮಾತ್ರ ರೊಟ್ಟಿಗೆಂದು ಗುರೆಳ್ಳು ಹಿಂಡಿ ಕುಟ್ಟಿದಾಗ ಮೊದಲಿನಂತೆಯೇ ಒಂದು ಬಟ್ಟಲು ನನ್ನ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು.

ಎಳ್ಳಮವಾಸ್ಯೆಗೆ ನಮ್ಮ ಏಳನೆಯ ವರ್ಗದ ಹುಡುಗಿ ಕಸ್ತೂರಿಯ ತಂದೆ ನಮ್ಮಿಬ್ಬರನ್ನೂ ಹೊಲಕ್ಕೆ ಕರೆದ. ಆಳೆತ್ತರದ ಬಿಳಿಜೋಳ, ತೆನೆಗೆ ಹಾಲು ತುಂಬಿತ್ತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕುಳಿತಾಗ ಕಸ್ತೂರಿಯ ಅಜ್ಜ, ತೊಂಬತ್ತರ ಮುದುಕ, "ಮೊಗಲಾಯಿ ಅಕ್ಕೋರಿಗೆ ಇನ್ನೊಂದು ಕಡಬು ಹಾಕ್ರಬೇ" ಎಂದ. ಅದು ಅವನಿಗೆ ಬರೀ ಹೆಸರು. ಸುತ್ತಲಿನವರಿಗೆ ಹಾಗಿರಲಿಲ್ಲ. ನೀಲಮ್ಮ ತಲೆ ಎತ್ತಿ ಹೇಳಿದಳು:

"ನಮ್ಮ ಕಡೆ ನಿಮಗ ಏನಂತಾರ ಗೊತ್ತೈತೇನ್ರಿ ಅಜ್ಜಾರ? ಇಂಗ್ರೇಜಿ ಕಂಪನಿ ಮಂದಿ. ಬೀಗರು ಬಂದ್ರ ಮದಲ ರೊಟ್ಟಿ ಎಣಿಸಿ, ಆಮ್ಯಾಲೆ ಬರ್ರಿ ಅಂತಾರಂತ. ಇವತ್ತ ನೋಡಿದೆ, ಎಣಸಲಿಲ್ಲ. ನಮ್ಮ ಊರಾಗ ಹೇಳತೇನಿ."

ಮುದುಕ ಕೆಮ್ಮು ಬರುವ ತನಕ ನಕ್ಕ. ಎಲ್ಲರೂ ನಕ್ಕರು. ನೀಲಮ್ಮ ನನ್ನ ಕಡೆ ಮಾತ್ರ ನೋಡಲಿಲ್ಲ.

ಕಸ್ತೂರಿಗೆ ಆಗ ಹದಿನಾಲ್ಕು. ಆ ಊರಿನಿಂದ ಮುಲ್ಕಿ ಪರೀಕ್ಷೆಗೆ ಕೂರಬೇಕಿದ್ದ ಮೊದಲ ಹುಡುಗಿ. ಏಳನೆಯ ವರ್ಗದ ಆ ಪರೀಕ್ಷೆ ಪಾಸಾದರೆ ಮುಂದೆ ಟ್ರೇನಿಂಗು, ಆಮೇಲೆ ನೌಕರಿ. ಸೋದರಮಾವ ಯುಗಾದಿಯ ನಂತರ ಮದುವೆ ಎಂದು ಕುಳಿತಿದ್ದ. ಹೊಲದಿಂದ ಹಿಂತಿರುಗುವಾಗ ಅವಳ ತಂದೆ ನಮ್ಮಿಬ್ಬರಿಗೂ ಹೇಳಿದ: "ಮುಲ್ಕಿ ಪಾಸಾದ್ಲಂದ್ರ ಮದಿವಿ ತಡೀತೇನ್ರಿ. ಪರೀಕ್ಷಾಕ್ಕ ಕುಂಡ್ರಲಿಲ್ಲ ಅಂದ್ರ ಮನ್ಯಾಗ ನನ್ನ ಮಾತು ನಡಿಯೂದಿಲ್ಲ. ನಿಮ್ಮ ಕೈಯಾಗ ಐತಿ."

ಸಂಕ್ರಾಂತಿ ಆದ ಮೇಲೆ ಪರೀಕ್ಷೆಯ ಫಾರ್ಮುಗಳು ಬಂದವು. ಏಳು ಮಕ್ಕಳು, ಏಳು ಫಾರ್ಮು. ನೀಲಮ್ಮ ತುಂಬಬೇಕು, ನಾನು ಪರಿಶೀಲಿಸಿ ಮುದ್ದೇಬಿಹಾಳಕ್ಕೆ ಮುಟ್ಟಿಸಬೇಕು. ಕಸ್ತೂರಿಯ ಜನ್ಮತಾರೀಖಿನಲ್ಲಿ ಹತ್ತು ಎಂದು ಬರೆಯುವಾಗ ನೀಲಮ್ಮ ಉರ್ದು ರೂಢಿಯಂತೆ ಸೊನ್ನೆಯ ಜಾಗದಲ್ಲಿ ಬರೀ ಚುಕ್ಕೆ ಇಟ್ಟಿದ್ದಳು. "ಇದೊಂದು ನಾ ತಿದ್ದತೇನಿ ಬಿಡ್ರಿ" ಎಂದು ಆ ಫಾರ್ಮನ್ನು ಬೇರೆ ತೆಗೆದು, ನನ್ನ ಚೀಲದಲ್ಲಿದ್ದ ಹೊಲಿಗೆ ಪುಸ್ತಕದೊಳಗೆ ಇಟ್ಟೆ. ಶನಿವಾರ ಬಸ್ಸಿನ ಗಡಿಬಿಡಿ. ಮುದ್ದೇಬಿಹಾಳದಲ್ಲಿ ಲಕೋಟೆಯೊಳಗಿದ್ದ ಆರನ್ನು ಕೊಟ್ಟು ಬಾಗೇವಾಡಿಯ ಬಸ್ಸು ಹತ್ತಿದೆ.

ಮಾರ್ಚಿನ ಬಿಸಿಲಿಗೆ ಹೊಲಗಳೆಲ್ಲ ಬಿರಿದಿದ್ದ ಒಂದು ಸೋಮವಾರ ಪರೀಕ್ಷಾರ್ಥಿಗಳ ಯಾದಿ ಬಂತು. ಆರು ಹೆಸರು. ಹೆಡ್ ಮಾಸ್ತರರು ಯಾದಿಯನ್ನು ಮೇಜಿನ ಮೇಲೆ ಬಡಿದರು.

"ಇದು ಮೊಗಲಾಯಿ ಕಾರಭಾರ ನೋಡ್ರಿ. ಫಾರ್ಮು ತುಂಬಾಕ ಕೊಟ್ರ ಫಾರ್ಮನ್ನ ನುಂಗಿ ಕುಂತಾಳ."

ಅವರು ನನ್ನನ್ನು ಏನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ. ನಾನು ನಾಲ್ಕು ತಿಂಗಳ ಹಿಂದೆ ಇಟ್ಟ ಹೆಸರೇ ತನಿಖೆ ಮಾಡಿ ತೀರ್ಪು ಹೇಳಿತ್ತು.

ಸಂಜೆ ನೀಲಮ್ಮ ನನ್ನ ಬಾಗಿಲಿಗೆ ಬಂದಳು. "ಹಮೀದಾ ಅಕ್ಕೋರ, ಕಸ್ತೂರಿ ಫಾರ್ಮು ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ತಿದ್ದತೇನಿ ಅಂದ್ರಿ. ನೆನಪೈತೇನ್ರಿ?"

ಆಗಲೇ ನೆನಪಾಗಿತ್ತು. ಅವಳು ಬರುವ ಅರ್ಧ ತಾಸಿನ ಮೊದಲು ಹೊಲಿಗೆ ಪುಸ್ತಕ ತೆಗೆದಿದ್ದೆ. ಫಾರ್ಮು ಅಲ್ಲೇ ಇತ್ತು, ಒಂದು ಕುಪ್ಪಸದ ಮಾದರಿಯ ಹಾಳೆಗೆ ಅಂಟಿಕೊಂಡು.

"ನನಗ ಕೊಟ್ಟಿದ್ದು ಆರ" ಎಂದೆ. "ಅಷ್ಟೂ ಮುಟ್ಟಿಸೇನಿ."

ನೀಲಮ್ಮ "ಆತ್ರಿ" ಎಂದು ತನ್ನ ಕೋಣೆಗೆ ಹೋದಳು.

ಮರುದಿನ ಬೆಳಗ್ಗೆ ಫಾರ್ಮು ತೆಗೆದುಕೊಂಡು ಹೆಡ್ ಮಾಸ್ತರರ ಮನೆಯ ತನಕ ಹೋದೆ. ಒಳಗೆ ಅವರು ಯಾರಿಗೋ ನೀಲಮ್ಮನ ವಿಷಯವನ್ನೇ ಹೇಳುತ್ತಿದ್ದರು: "ಆ ಮಂದೀನ ಹಂಗ." ನನ್ನ ಹೆಸರಿನ ಜೊತೆ ಯಾವ ಮಂದಿ ಎಂದಾರು ಎಂಬುದು ಹೊಳೆದು ಬಾಗಿಲಿನಿಂದಲೇ ತಿರುಗಿ ಬಂದೆ. ಫಾರ್ಮನ್ನು ಒಲೆಗೆ ಹಾಕಿದೆ. ಈ ಒಂದು ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆ ದಿನ ನೀಲಮ್ಮ ಶಾಲೆಗೆ ಬರಲಿಲ್ಲ. ಮೊದಲ ಬಸ್ಸಿಗೆ ಕಸ್ತೂರಿ ಮತ್ತು ಅವಳ ತಂದೆಯನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿದ್ದಳು. ಮರುದಿನ ಕಸ್ತೂರಿಯ ತಂದೆಯೇ ಊರಿಗೆಲ್ಲ ಹೇಳಿದ. ಅಲ್ಲಿಯ ಸಾಹೇಬರು ತಡವಾಯಿತು, ಆಗುವುದಿಲ್ಲ ಎಂದರಂತೆ. ನೀಲಮ್ಮ ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕುಳಿತಳಂತೆ. ಕೊನೆಗೆ ಸಾಹೇಬರು, ತಪ್ಪು ಯಾರದೆಂದು ಲಿಖಿತದಲ್ಲಿ ಬಂದರೆ ಹುಡುಗಿಯನ್ನು ಸೇರಿಸಬಹುದು ಎಂದಾಗ, ಅಲ್ಲೇ ಕಾಗದ ಬೇಡಿ ಬರೆದುಕೊಟ್ಟಳಂತೆ: "ಫಾರ್ಮು ನನ್ನ ನಿಷ್ಕಾಳಜಿಯಿಂದ ಕಳೆದಿದೆ, ಹುಡುಗಿಯ ತಪ್ಪಿಲ್ಲ." "ಒಂದ್ ಒತ್ತು ಸೈತ ತಪ್ಪಲಿಲ್ಲಂತ್ರಿ" ಎಂದ ಕಸ್ತೂರಿಯ ತಂದೆ. "ಸಾಹೇಬರ ಹೇಳಿದ್ರು."

ಕಸ್ತೂರಿ ಪರೀಕ್ಷೆಗೆ ಕುಳಿತಳು. ಎರಡು ವಾರದಲ್ಲಿ ನೀಲಮ್ಮನನ್ನು ಕೆಲಸದಿಂದ ತೆಗೆದ ಹುಕುಂ ಬಂತು. ಹೋಗುವ ದಿನ ಅವಳು ಟ್ರಂಕು ಹೊರಗಿಟ್ಟು ಕೋಣೆ ಸಾರಿಸಿ, ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಏನಾದರೂ ಹೇಳುತ್ತೇನೆಂದು ಕಾದಳೋ ಏನೋ.

"ಊರು ಮುಟ್ಟಿದ ಮ್ಯಾಲೆ ಕಾಗದ ಹಾಕ್ರಿ" ಎಂದೆ.

"ಹಾಕತೇನ್ರಿ" ಎಂದಳು. ಹಾಕಲಿಲ್ಲ.

ಎಂಟು ವರ್ಷಗಳ ನಂತರ ನಿಡಗುಂದಿಯಲ್ಲಿ ಶಿಕ್ಷಕರ ಒಂದು ಸಭೆ ನಡೆಯಿತು. ಊಟದ ಹೊತ್ತಿಗೆ ಎತ್ತರದ ಒಬ್ಬ ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿದಳು. ಕಸ್ತೂರಿ. ಅವಳೂ ಈಗ ಅಕ್ಕೋರು. ಮರದ ನೆರಳಲ್ಲಿ ಕುಳಿತು ಊರಿನ ಸುದ್ದಿ ಹೇಳಿದಳು. ಅಜ್ಜ ತೀರಿದ, ವಾಡೆಯ ಒಂದು ಗೋಡೆ ಬಿದ್ದಿದೆ. ಆಮೇಲೆ ಹೇಳಿದಳು: "ನಮ್ಮ ಊರಾಗ ಈಗೂ ಯಾರರೆ ಮತ್ತೊಬ್ಬರ ಸಲುವಾಗಿ ನಿಂತ್ರಂದ್ರ, 'ಮೊಗಲಾಯಿ ಅಕ್ಕೋರಂಗ ಮಾಡಿದಿ ನೋಡಪಾ' ಅಂತಾರ್ರಿ."

ನಾನು ಇಟ್ಟ ಹೆಸರು. ಆ ಒಂದು ಊರಿನಲ್ಲಿ ಅದು ಹೊಗಳಿಕೆಯಾಗಿತ್ತು, ಅದರಲ್ಲಿ ನನ್ನ ಕೈವಾಡ ಏನೂ ಇರಲಿಲ್ಲ. ಊಟ ಅಲ್ಲಿಗೇ ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ: ಚುಕ್ಕೆ, ಹೊಲಿಗೆ ಪುಸ್ತಕ, ಒಲೆ.

ಕಸ್ತೂರಿ ತಟ್ಟೆ ಕೆಳಗಿಟ್ಟಳು.

"ಒಲಿಗೆ ಹಾಕಿದ್ದು ಗೊತ್ತಿರಲಿಲ್ರಿ" ಎಂದಳು. "ನೀವು ಪುಸ್ತಕದಾಗ ಇಟ್ಟಿದ್ದು ಗೊತ್ತಿತ್ತು. ನಾನು ಅವತ್ತ ಅಲ್ಲೇ ಕಸ ಹೊಡಿಯಾಕತ್ತಿದ್ದೆ, ನೋಡಿದ್ದೆ. ಮುದ್ದೇಬಿಹಾಳಕ್ಕ ಹೋಗುವಾಗ ಬಸ್ಸಿನಾಗ ನೀಲಮ್ಮ ಅಕ್ಕೋರಿಗೆ ಹೇಳಿದೆ. ಸಾಹೇಬರ ಮುಂದ ಖರೇ ಹೇಳೂಣು ಅಂದೆ. ಅವರು ನನ್ನ ಬಾಯಿ ಮ್ಯಾಲೆ ಕೈ ಇಟ್ರು."

"ಯಾಕ?"

"'ನನಗ ಸೀಮಿ ಹೆಸರು ಹಚ್ಚ್ಯಾರ, ಈ ಊರು ಬಿಟ್ರ ಅದು ಬಿಡತೈತಿ. ಹಮೀದಾ ಅಕ್ಕೋರಿಗೆ ಇವರು ಹಚ್ಚೂ ಹೆಸರು ಅಕಿ ಎಲ್ಲಿ ಹೋದ್ರೂ ಬಿಡೂದಿಲ್ಲ. ಸುಮ್ಮಿರು' ಅಂದ್ರು."

ಆ ಬೇಸಿಗೆಯ ರಜೆಯಲ್ಲಿ ತಾಳಿಕೋಟೆಯಿಂದ ಬಸ್ಸು ಹತ್ತಿ ಹುಣಸಗಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಆ ಕಡೆಗೆ. ಅದೇ ಕರಿಮಣ್ಣು, ಅದೇ ಜಾಲಿ. ಹದ್ದು ಎಲ್ಲಿತ್ತೆಂದು ಕಂಡಕ್ಟರನಿಗೂ ಸರಿಯಾಗಿ ಗೊತ್ತಿರಲಿಲ್ಲ. ನೀಲಮ್ಮನ ಮನೆ ಹುಡುಕಿದೆ. ಅವಳ ಅಣ್ಣ ಸಿಕ್ಕ. ತಂಗಿಗೆ ರಾಯಚೂರಿನ ಕಡೆ ಒಂದು ಶಾಲೆಯಲ್ಲಿ ಮತ್ತೆ ಕೆಲಸ ಸಿಕ್ಕಿದೆ, ರಜೆಯಲ್ಲೂ ಮನೆಪಾಠ ಹೇಳುತ್ತ ಅಲ್ಲೇ ಇದ್ದಾಳೆ ಎಂದು ವಿಳಾಸ ಬರೆದುಕೊಟ್ಟ.

"ಯಾರು ಬಂದಿದ್ರು ಅಂತ ಹೇಳಲ್ರಿ?" ಎಂದ.

ಹೆಸರು ಹೇಳಿದೆ. ಅವನ ಮುಖ ಅರಳಿತು. "ಹಮೀದಾ ಅಕ್ಕೋರೇನ್ರಿ ನೀವು! ನಮ್ಮ ನೀಲಿ ನಿಮ್ಮ ಸುದ್ದಿ ಭಾಳ ಹೇಳತಿದ್ಲು. ಆ ಊರಾಗ ನನಗೊಬ್ಬಾಕಿ ಗೆಳತಿ ಇದ್ಲು ಅಂತ. ಒಳಗ ಬರ್ರಿ, ಊಟ ಮಾಡಿ ಹೋಗೀರಂತ."

ಬಸ್ಸಿನ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಬಿಸಿಲಿನಲ್ಲಿ ನಡೆದು ಬಂದು ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ಕುಳಿತೆ. ಆ ವಿಳಾಸಕ್ಕೆ ನಾನು ಯಾವತ್ತೂ ಪತ್ರ ಬರೆಯಲಿಲ್ಲ.